ಎದುರಿಗೆ ಕುಂತವ ಯಾರು?

ವಾಚನಾಲಯದವರು ಈ ಸಲ ನನಗೂ ಒಂದು ಲೇಖನ ಬರಿ ಅಂದರು. ಹಾಡು ಅಂದಿದ್ದರೆ ಬೆಳತನಕ ಹಾಡುತ್ತಿದ್ದೆ. ಏಳನೇ ಇಯತ್ತೆಯವನ ಬರವಣಿಗೆ, ತಪ್ಪಿದ್ದಲ್ಲಿ ಗುರುಗಳು ತಿದ್ದಿಕೊಂಡು ಓದಬೇಕು. ಬರೆಯುವುದು ಒಂದು ಇಂಗ್ಲಿಷ್ ಸಿನಿಮಾದ ಬಗ್ಗೆ. ನಗಬ್ಯಾಡ್ರಿ.

1987ರ ಸುಮಾರಿಗೆ ಮಳಿ ಇಲ್ಲದೆ ಜತ್ತದ ಕಡೆಯಿಂದ ನಾವು ಇಬ್ಬರು ಸೊಲ್ಲಾಪುರಕ್ಕೆ ದುಡಿಯಲು ಹೋಗಿದ್ದೆವು. ನಾನು, ನಮ್ಮ ಗೀಗೀ ಮೇಳದ ತುಂತುಣಿಯ ದೋಸ್ತ. ಪತ್ರಾಸಿನ ಖೋಲಿಯೊಂದರಲ್ಲಿ ರೊಕ್ಕ ಕೊಟ್ಟು ವಿಡಿಯೋ ನೋಡುವ ಕಾಲ ಅದು. ಅಲ್ಲಿ ‘ದಿ ಥಿಂಗ್’ ನೋಡಿದೆವು. ಮಾತು ಒಂದೂ ತಿಳಿಯಲಿಲ್ಲ. ನಾಯಿಯ ಮುಖ ಹೂವಿನ ಹಾಗೆ ಸೀಳಿದಾಗ ದೋಸ್ತ ನನ್ನ ತೋಳು ಹಿಡಿದದ್ದು ನೆನಪಿದೆ. ಮೂರು ದಿನ ಕತ್ತಲಾದ ಮ್ಯಾಲ ಚರಗಿ ತಗೊಂಡು ಒಬ್ಬೊಬ್ಬರೇ ಹೋಗಲಿಲ್ಲ.

ಹೋದ ದೀಪಾವಳಿಗೆ ಮೊಮ್ಮಗ ಅದನ್ನೇ ಮೊಬೈಲಿನಲ್ಲಿ ತೋರಿಸಿದ, ಮಾತು ಮಾತಿಗೆ ನಿಲ್ಲಿಸಿ ಕನ್ನಡದಲ್ಲಿ ಹೇಳಿದ. ಜಾನ್ ಕಾರ್ಪೆಂಟರ್ ಎಂಬವರು 1982ರಲ್ಲಿ ತೆಗೆದದ್ದಂತೆ. ಮೂಲ ಕತೆ ಕ್ಯಾಂಪ್‌ಬೆಲ್ ಎಂಬವರು 1938ರಲ್ಲಿ ಬರೆದದ್ದು. ಬಂದಾಗ ಸಿನಿಮಾ ಓಡಲಿಲ್ಲ. ಅದೇ ತಿಂಗಳು ಮುದ್ದು ಬಾಹ್ಯಲೋಕದ ಪ್ರಾಣಿಯ ‘ಇ.ಟಿ.’ ಬಂದಿತ್ತು, ಜನ ಅದನ್ನು ಎತ್ತಿಕೊಂಡರು.

ಕತೆ ಇಷ್ಟು. ದಕ್ಷಿಣ ಧ್ರುವದ ಹಿಮದಲ್ಲಿ ಅಮೆರಿಕದ ಹನ್ನೆರಡು ಗಂಡಸರು. ನಾರ್ವೆಯವರು ಹೆಲಿಕಾಪ್ಟರಿನಲ್ಲಿ ಒಂದು ನಾಯಿಯನ್ನು ಬೆನ್ನಟ್ಟಿ ಗುಂಡು ಹಾರಿಸುತ್ತಾ ಬರುತ್ತಾರೆ. ಒಬ್ಬ ಏನೋ ಕೂಗಿ ಹೇಳುತ್ತಾನೆ. ಅವನ ಭಾಷೆ ಇವರಿಗೆ ಬರುವುದಿಲ್ಲ. ಅವನನ್ನೇ ಕೊಂದು, ನಾಯಿಯನ್ನು ಒಳಗೆ ಕರೆದುಕೊಳ್ಳುತ್ತಾರೆ. ಗಡಿಯಲ್ಲಿ ಬಾಳಿದ ನಮಗೆ ಇದು ಬೇಗ ತಿಳಿಯುತ್ತದೆ, ಕಚೇರಿಯ ಕಾಗದ ಕೈಯಲ್ಲಿ ಹಿಡಿದು ಓದಿಸಲು ಮಂದಿಯನ್ನು ಹುಡುಕಿದವರಲ್ಲವೇ ನಾವು. ಆ ನಾಯಿ ನಾಯಿಯಲ್ಲ. ಆಕಾಶದಿಂದ ಬಂದ ಅದು ಜೀವವನ್ನು ನುಂಗಿ ಅದರಂತೆಯೇ ಆಗುತ್ತದೆ: ಅದೇ ಮುಖ, ಅದೇ ಮಾತು.

ನಾವು ಸವಾಲ್ ಜವಾಬಿನ ಹಾಡಿನವರು. ಇದು ಸವಾಲಾದರೆ ಜವಾಬೇನು ಎಂದು ಯೋಚಿಸಿದೆ. ನೆನಪಾದದ್ದು ನಳನ ಕತೆ. ಸ್ವಯಂವರದಲ್ಲಿ ನಾಲ್ಕು ದೇವತೆಗಳು ನಳನ ರೂಪ ಹೊತ್ತು ಕೂತಾಗ ದಮಯಂತಿ ಗುರುತಿಸಿದಳು. ದೇವತೆಗಳ ಕಣ್ಣು ಮಿಟುಕುವುದಿಲ್ಲ, ಬೆವರಿಲ್ಲ, ಕಾಲು ನೆಲಕ್ಕೆ ತಾಗುವುದಿಲ್ಲ. ಆದರೆ ಅವಳು ಬೇಡಿಕೊಂಡ ಮ್ಯಾಲ ಅವರು ಗುರುತು ತೋರಿಸಿದರು. ಈ ಸಿನಿಮಾದಲ್ಲಿ ಬೇಡಿಕೊಂಡರೂ ತೋರಿಸುವವರಿಲ್ಲ. ಕಣ್ಣು ಎಲ್ಲರದೂ ಮಿಟುಕುತ್ತದೆ.

ಕಡೆಗೆ ಹೆಲಿಕಾಪ್ಟರ್ ನಡೆಸುವ ಮ್ಯಾಕ್ರೆಡಿ ಒಂದು ಉಪಾಯ ಮಾಡುತ್ತಾನೆ. ಎಲ್ಲರನ್ನೂ ಕಟ್ಟಿ ಹಾಕಿ, ಒಬ್ಬೊಬ್ಬರ ರಕ್ತ ತೆಗೆದು, ಕಾಸಿದ ತಂತಿ ಮುಟ್ಟಿಸುವುದು. ಅದರ ರಕ್ತವಾದರೆ ಜಿಗಿಯುತ್ತದೆ. ಕಟ್ಟಿಸಿಕೊಳ್ಳಲು ಒಪ್ಪದೆ ಕ್ಲಾರ್ಕ್ ಎಂಬವ ಚಾಕು ಹಿಡಿದು ಮೈಮೇಲೆ ಬರುತ್ತಾನೆ. ಮ್ಯಾಕ್ರೆಡಿ ಗುಂಡು ಹಾರಿಸುತ್ತಾನೆ. ಆಮೇಲೆ ಸತ್ತವನ ರಕ್ತಕ್ಕೆ ತಂತಿ ಇಟ್ಟರೆ ಏನೂ ಆಗುವುದಿಲ್ಲ. ಕ್ಲಾರ್ಕ್ ಮನುಷ್ಯನೇ. ಹಂಗಾದರ ನೀ ಕೊಲೆಗಾರ ಅಂತ ಒಬ್ಬ ಮುಖಕ್ಕೇ ಹೇಳುತ್ತಾನೆ.

“ಚಾಕು ತಗೊಂಡು ಬಂದ್ನಲ್ಲ ಅಜ್ಜಾ, ಹೊಡೀದೆ ಇನ್ನೇನು ಮಾಡಬೇಕು?” ಅಂದ ಮೊಮ್ಮಗ. ಹೌದು. ಆದರೆ ಅಂವ ಚಾಕು ಯಾಕ ಹಿಡಿದ? ಅಂವ ನಾಯಿಗಳನ್ನು ನೋಡಿಕೊಳ್ಳುವವ, ಆ ನಾಯಿಯ ಸಂಗಡ ಇದ್ದವ. ಅದಕ್ಕೇ ಎಲ್ಲರೂ ಅವನನ್ನು ಮೊದಲಿನಿಂದ ಓರೆಗಣ್ಣಿಂದ ನೋಡಿದ್ದರು. ನಮ್ಮ ಸಂಶಯವೇ ಅವನ ಕೈಗೆ ಚಾಕು ಕೊಟ್ಟು, ಆಮೇಲೆ ಚಾಕುವನ್ನೇ ಸಾಕ್ಷಿ ಅಂತ ತೋರಿಸಿದರೆ ಹೆಂಗ?

ಅಂದು ರಾತ್ರಿ ನಿದ್ದಿ ಬರಲಿಲ್ಲ. ಈ ಸಲ ನಾಯಿಯ ಅಂಜಿಕೆಗೆ ಅಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಒಂದು ಜಾತ್ರೆಯಲ್ಲಿ ರಾತ್ರಿಯೆಲ್ಲಾ ಹಾಡಿದೆವು. ಪಂಚರು 1,100 ರೂಪಾಯಿ ಕೊಟ್ಟರು. ಹೊತ್ತು ಹುಟ್ಟಿದಾಗ ಚೀಲದಲ್ಲಿ ರೊಕ್ಕ ಇರಲಿಲ್ಲ. ಗುಡಿಯ ಪಡಸಾಲೆಯಲ್ಲಿ ಮಲಗಿದವರು ನಾವು ನಾಲ್ಕು ಮಂದಿ. ದೋಸ್ತನ ಮಗಳ ಮದುವಿ ಹತ್ತಿರ ಇತ್ತು, ಅಂಗಡಿಯ ಸಾಲ ಇತ್ತು. ಅವನಿಗೆ ನಾನು ಒಂದು ಮಾತೂ ಅನ್ನಲಿಲ್ಲ. ಮುಂದಿನ ಹಾಡಿಕೆಗೆ ಕರೆಯಲಿಲ್ಲ, ಅಷ್ಟೇ. ನಮ್ಮೂರಲ್ಲಿ ಅಷ್ಟು ಸಾಕು. ಅಂವ ನನ್ನನ್ನು ಕಂಡರೆ ಹಾದಿ ಬಿಟ್ಟು ಹೋಗತೊಡಗಿದ. ಕಳ್ಳನಲ್ಲದಿದ್ದರೆ ಮುಖ ಯಾಕ ತಪ್ಪಿಸ್ತಾನ ಅಂತ ನಾನು ಗಟ್ಟಿ ಮಾಡಿಕೊಂಡೆ.

ಮ್ಯಾಕ್ರೆಡಿ ತನ್ನ ರಕ್ತವನ್ನೂ ತಂತಿಗೆ ಒಡ್ಡಿದ್ದ. ನಾನು ಒಡ್ಡಿರಲಿಲ್ಲ. ಚೀಲ ನನ್ನ ತಲೆದಿಂಬಿಗೇ ಇತ್ತು. ನಸುಕಿನಲ್ಲಿ ಚಹಾಕ್ಕೆ ಎದ್ದು ಹೋಗುವಾಗ ಅಲ್ಲೇ ಬಿಟ್ಟು ಹೋದವ ನಾನು. ಜಾತ್ರೆಯ ಮಂದಿ ಹಾದುಹೋಗುವ ಜಾಗ. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ.

ಸಿನಿಮಾದ ಕೊನೆಗೆ ಮನೆಯೆಲ್ಲಾ ಉರಿಯುತ್ತಿರುತ್ತದೆ. ಉಳಿದವರು ಇಬ್ಬರೇ. ಎದುರಿಗಿರುವವ ಮನುಷ್ಯನೋ ಅದೋ ಇಬ್ಬರಿಗೂ ಗೊತ್ತಿಲ್ಲ. ಒಂದೇ ಬಾಟಲಿಯಿಂದ ಕುಡಿಯುತ್ತಾ ಕೂಡುತ್ತಾರೆ.

ಪಾಡ್ಯೆ ಮುಗಿದ ಮ್ಯಾಲ ದೋಸ್ತನ ಮನೆಗೆ ಹೋದೆ. ಕಟ್ಟೆಯ ಮೇಲೆ ಹಗ್ಗ ಹೊಸೆಯುತ್ತಿದ್ದ. ಸರಿದು ಜಾಗ ಕೊಟ್ಟ. ಏನು ಮಾತಾಡಲಿ? ಸಿನಿಮಾದ ಸುದ್ದಿ ತೆಗೆದೆ. “ಆ ಸೀಳು ಮೋತಿ ನಾಯೇನು?” ಅಂತ ನಕ್ಕ. ವೈನಿ ಚಹಾ ತಂದಿಟ್ಟರು. ಆಗ ಚೀಲ ಬಿಟ್ಟು ಹೋದ ಮಾತು ಹೇಳಿದೆ. ಅಂವ ಹಗ್ಗದ ಕಡೆ ನೋಡುತ್ತಾ ಬಾಳ ಹೊತ್ತು ಸುಮ್ಮನಿದ್ದ. ತಾನು ತಗೊಂಡಿದ್ದೆ ಅಂತಲೂ ಹೇಳಲಿಲ್ಲ, ಇಲ್ಲ ಅಂತಲೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

“ಚಾ ಆರಾಕತ್ತೈತಿ, ಕುಡಿ” ಅಂದ.