ಬ್ಯಾಂಜೋ ಯಾರದು?

ನಮ್ಮನ್ನು ಗೇಲಿ ಮಾಡಲಿಕ್ಕೆ ಬಳಸಿದ ವಾದ್ಯವನ್ನು ನಾವೇ ಎತ್ತಿಕೊಂಡು ನುಡಿಸಬಹುದೇ? ಅಮೆರಿಕದ ಕಪ್ಪುಜನರ ಮಗಳು ರಿಯಾನನ್ ಗಿಡೆನ್ಸ್ ಎದುರಿಸಿದ ಪ್ರಶ್ನೆ ಇದು.

ಬ್ಯಾಂಜೋ ಅಂದರೆ ಬೆಟ್ಟಸೀಮೆಯ ಬಿಳಿಯರ ವಾದ್ಯ ಅಂತ ಬಹಳ ಜನ ನಂಬಿದ್ದಾರೆ. ಸುಳ್ಳು. ಆಫ್ರಿಕಾದಿಂದ ಸರಪಳಿ ಬಿಗಿದು ಹಡಗಿನಲ್ಲಿ ತಂದ ಜನ, ತಮ್ಮ ನೆಲದ ನೆನಪಿನಿಂದ ಸೋರೆಬುರುಡೆಗೆ ಚರ್ಮ ಹೊದಿಸಿ ಕಟ್ಟಿಕೊಂಡ ವಾದ್ಯ ಅದು. 1840ರ ದಶಕದಲ್ಲಿ ಬಿಳಿಯರು ಮುಖಕ್ಕೆ ಮಸಿ ಬಳಿದುಕೊಂಡು, ಅದೇ ಬ್ಯಾಂಜೋ ಹಿಡಿದು, ಕಪ್ಪುಜನರನ್ನು ಅಣಕಿಸಿ ದುಡ್ಡು ಮಾಡಿದರು. 1920ರ ದಶಕದಲ್ಲಿ ರೆಕಾರ್ಡ್ ಕಂಪನಿಗಳು ಕಪ್ಪುಜನರ ಹಾಡು ಬೇರೆ, ಬಿಳಿಯರ ಹಾಡು ಬೇರೆ ಅಂತ ಬೇಲಿ ಹಾಕಿದವು. ಬ್ಯಾಂಜೋ ಬೇಲಿಯ ಆಚೆಗೆ ಹೋಯಿತು.

1977ರಲ್ಲಿ ಉತ್ತರ ಕೆರೊಲಿನಾದಲ್ಲಿ ಹುಟ್ಟಿದ ಗಿಡೆನ್ಸ್, ಓಬರ್ಲಿನ್ ಕಾಲೇಜಿನಲ್ಲಿ ಆಪೆರಾ ಹಾಡುಗಾರಿಕೆ ಕಲಿತಳು. ಓದಿದವರು ಊರ ಮುದುಕರ ಹಾಡಿಗೆ ಬೆನ್ನು ತಿರುಗಿಸುವುದೇ ಹೆಚ್ಚು. ಆಕೆ ತಿರುಗಿಸಲಿಲ್ಲ. ಎಂಬತ್ತು ದಾಟಿದ ಕಪ್ಪು ಪಿಟೀಲುಗಾರ ಜೋ ಥಾಂಪ್ಸನ್ ಎದುರು ಕೂತು, ಆತನ ಮನೆತನದ ಕುಣಿತದ ಮಟ್ಟುಗಳನ್ನು ಕಲಿತಳು. ಆ ಕಲಿಕೆಯಿಂದಲೇ 2005ರಲ್ಲಿ ಕೆರೊಲಿನಾ ಚಾಕಲೇಟ್ ಡ್ರಾಪ್ಸ್ ತಂಡ ಹುಟ್ಟಿತು. 2011ರಲ್ಲಿ ಅದಕ್ಕೆ ಗ್ರ್ಯಾಮಿ ಬಂತು.

ಅಲ್ಲಿಗೇ ನಿಂತಿದ್ದರೆ ಅದು ಬರೀ ಹಳೆಯದನ್ನು ಕಾಪಾಡುವ ಕೆಲಸವಾಗುತ್ತಿತ್ತು. 2017ರ ‘ಫ್ರೀಡಂ ಹೈವೇ’ಯಲ್ಲಿ ಆಕೆ ಸ್ವಂತ ಹಾಡು ಕಟ್ಟಿದಳು. ಅದರ ಮೊದಲ ಹಾಡು ಹುಟ್ಟಿದ್ದು ಗುಲಾಮ ಹೆಣ್ಣೊಬ್ಬಳನ್ನು ಮಾರಲು ಕೊಟ್ಟ ಹಳೆಯ ಜಾಹೀರಾತಿನಿಂದ. ಅವಳಿಗೆ ಒಂಬತ್ತು ತಿಂಗಳ ಕೂಸು. ಕೂಸನ್ನೂ ಕೊಳ್ಳುವುದು ಬಿಡುವುದು ಕೊಳ್ಳುವವನ ಇಷ್ಟವಂತೆ! ಜಾಹೀರಾತಿನಲ್ಲಿ ಬಾಯಿಲ್ಲದ ಆ ತಾಯಿ ಹಾಡಿನಲ್ಲಿ ತಾನೇ ಮಾತಾಡುತ್ತಾಳೆ.

2022ರಲ್ಲಿ ರಂಗಕ್ಕೆ ಬಂದ ‘ಓಮರ್’ ಆಪೆರಾ, ಗುಲಾಮನಾಗಿದ್ದುಕೊಂಡೇ ಅರಬ್ಬಿಯಲ್ಲಿ ತನ್ನ ಬಾಳಿನ ಕಥೆ ಬರೆದ ಓಮರ್ ಇಬ್ನ್ ಸಯೀದನದು. ಮೈಕಲ್ ಏಬಲ್ಸ್ ಜೊತೆ ಕಟ್ಟಿದ ಅದಕ್ಕೆ 2023ರಲ್ಲಿ ಪುಲಿಟ್ಜರ್ ಬಂತು. ಕಾಲೇಜಿನಲ್ಲಿ ಕಲಿತದ್ದೂ ಕೊನೆಗೆ ತನ್ನ ಜನರ ಕೆಲಸಕ್ಕೇ ಬಂತು, ನೋಡಿ.

ಆಕೆಯ ಕೈಯಲ್ಲಿರುವ ಬ್ಯಾಂಜೋ ಯಾವುದು ಗೊತ್ತೇ? 1858ರ ಮಾದರಿಯದು. ಮೆಟ್ಟುಗಳಿಲ್ಲ; ದನಿ ತಗ್ಗು, ಗಡಸು. ಮಸಿ ಬಳಿದುಕೊಂಡವರು ಮೆರೆದ ಕಾಲದ ಬ್ಯಾಂಜೋ! ವಾದ್ಯ ಏನು ಪಾಪ ಮಾಡಿದೆ ಅಂದು ತಪ್ಪಿಸಿಕೊಳ್ಳಬಹುದಿತ್ತು. ಆಕೆ ತಪ್ಪಿಸಿಕೊಳ್ಳುವುದಿಲ್ಲ. ವೇದಿಕೆಯ ಮೇಲೆ ಅದರ ಚರಿತ್ರೆ ಹೇಳಿಯೇ ನುಡಿಸುತ್ತಾಳೆ.

ಕೈಬಿಟ್ಟರೆ ಕದ್ದವನ ಮಾತೇ ಕೊನೆಯ ಮಾತಾಗುತ್ತದೆ. ಅದಕ್ಕೇ ನುಡಿಸಬೇಕು ಅಂತೀನಿ. ಮರೆತು ಮಾತ್ರ ನುಡಿಸಬಾರದು.