ಡೊಂಕಾದ ಬೆಳಕು ಸುಳ್ಳಾಡುವದೋ?

ನೇತ್ರಾವತಿಯಲ್ಲಿ ದೋಣಿ ನಡಿಸುವವನು ತನ್ನ ಬಿದಿರುಕೋಲನ್ನು ನೀರಿಗೆ ಇಳಿಸಿದಾಗ ಅದು ಮುರಿದಂತೆ ಕಾಣುವದು. ಆದರೂ ಅವನು ಕೋಲನ್ನು ಬಿಸಾಡುವದಿಲ್ಲ, ತನ್ನ ಕಣ್ಣನ್ನು ಹಳಿಯುವದೂ ಇಲ್ಲ. ನಡುವೆ ನೀರು ಇರುವದೆಂದು ಬಲ್ಲನು. ಹಾಗಾದರೆ ಡೊಂಕಾಗಿ ಕಾಣುವದೆಲ್ಲಾ ಸುಳ್ಳೆನ್ನಬಹುದೋ?

ಭಾರವುಳ್ಳ ವಸ್ತುವಿನ ಬಳಿಯಲ್ಲಿ ಹಾದುಹೋಗುವ ಬೆಳಕು ಬಾಗುವದೆಂದು ಐನ್‌ಸ್ಟೈನರು ಲೆಕ್ಕಹಾಕಿದ್ದು 1919ನೇ ಮೇ 29ರ ಸೂರ್ಯಗ್ರಹಣದಲ್ಲಿ ಸ್ಥಿರಪಟ್ಟಿತು. ಕೋಟ್ಯಾನುಕೋಟಿ ನಕ್ಷತ್ರಗಳುಳ್ಳ ಗೆಲಾಕ್ಸಿಗಳು ಹೀಗೆ ಮಸೂರದ ಕೆಲಸಮಾಡಬಹುದೆಂದು ಜ್ವಿಕಿ ಎಂಬವರು 1937ರಲ್ಲಿ ಸೂಚಿಸಿದರು. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದರೂ 1980ರ ದಶಕದಲ್ಲಿ ಈ ವಿಷಯದ ಗಣಿತದಲ್ಲಿ ಶ್ರಮಿಸಿದರು. 2022ನೇ ಜುಲೈಯಲ್ಲಿ ವೆಬ್ ದೂರದರ್ಶಕದ ಚಿತ್ರವೊಂದು ಲೋಕಕ್ಕೆ ತೋರಿಸಲ್ಪಟ್ಟಿತು. ಅದರಲ್ಲಿರುವ ಗೆಲಾಕ್ಸಿ ಸಮೂಹದಿಂದ ಬೆಳಕು ನಮ್ಮನ್ನು ಮುಟ್ಟಲು ಸುಮಾರು 460 ಕೋಟಿ ವರುಷ ಹಿಡಿಯಿತು. ಅದರ ಹಿಂದಿರುವ ಗೆಲಾಕ್ಸಿಗಳು ಒಡೆದ ಬಳೆಯ ಚೂರುಗಳಂತೆ ಬಾಗಿ ಕಾಣುವವು. ಒಂದೇ ಗೆಲಾಕ್ಸಿಯು ಎರಡು ಮೂರು ಕಡೆಯಲ್ಲಿ ಕಾಣುವದೂ ಉಂಟು.

ಖಗೋಳಜ್ಞನು ಆ ಚೂರನ್ನು ಇದ್ದಂತೆಯೇ ನಂಬಿದರೆ ಮೋಸಹೋಗುವನು; ಸುಳ್ಳೆಂದು ತಳ್ಳಿದರೆ ನಷ್ಟಪಡುವನು. ಆದದರಿಂದ ಅವನು, ನಡುವೆ ಎಷ್ಟು ಭಾರವಿದ್ದರೆ ಇಷ್ಟು ಬಾಗೀತು ಎಂದು ವಿಚಾರಿಸುತ್ತಾನೆ. ಹೀಗೆ ಎರಡು ಸತ್ಯಗಳು ದೊರೆಯುವವು: ಹಿಂದಿನ ಗೆಲಾಕ್ಸಿಯ ನಿಜರೂಪ ಒಂದು, ನಡುವಣ ಸಮೂಹದ ತೂಕ ಇನ್ನೊಂದು. ಆ ತೂಕದಲ್ಲಿ ಹೆಚ್ಚಿನ ಪಾಲು ಯಾವ ಕಣ್ಣಿಗೂ ಕಾಣದ ದ್ರವ್ಯವೇ.

ನೆರೆಯವನ ಕುರಿತಾದ ಮಾತು ಸಹ ಹೀಗೆಯೇ ನಮ್ಮ ಕಿವಿಗೆ ಬರುವದಲ್ಲವೇ? ಹಳೇ ಸಾಲ, ಗಡಿಯ ಜಗಳ, ತೀರದ ಸಿಟ್ಟು, ಇವುಗಳ ಪಕ್ಕದಲ್ಲಿ ಹಾದುಬಂದ ಮಾತು ನೆಟ್ಟಗಿರುವದಿಲ್ಲ. ಮೂವರು ಹೇಳಿದರೆಂದ ಮಾತ್ರಕ್ಕೆ ಅದು ಮೂರು ಸಾಕ್ಷಿಯಲ್ಲ. ಒಂದೇ ಸುದ್ದಿಯು ಮೂರು ದಾರಿಯಿಂದ ಬಂದಿರಬಹುದು. ಆದರೆ ಡೊಂಕಾಯಿತೆಂದು ಕಿವಿ ಮುಚ್ಚಿಕೊಳ್ಳುವದೂ ನ್ಯಾಯವಲ್ಲ. ಯಾಕಂದರೆ ಹಾಗೆ ಮಾಡಿದರೆ ನಿಜವಾಗಿ ನೊಂದವನ ಕೂಗೂ ನಮಗೆ ಕೇಳಿಸದೆ ಹೋದೀತು. ನಡುವೆ ಏನಿತ್ತೆಂದು ತೂಗಿ ನೋಡಬೇಕು. ಬಾಗಿಸಿದ ಭಾರವು ನಮ್ಮ ಹೃದಯದಲ್ಲೇ ಇದೆಯೋ ಎಂದು ಮೊದಲು ಶೋಧಿಸಬೇಕು.

ಖಗೋಳಜ್ಞನು ಆ ಗೆಲಾಕ್ಸಿಯ ಬಳಿಗೆ ಹೋಗಿ ಕೇಳಲಾರನು. ಬಾಗಿದ ಬೆಳಕೇ ಅವನಿಗೆ ಗತಿ. ನಮಗಾದರೋ ಗದ್ದೆಯ ಹುಣಿ ದಾಟಿದರೆ ನೆರೆಯವನ ಬಾಗಿಲು. ಅಷ್ಟು ದೂರ ನಡೆಯದೆ ಅವನಿಗೆ ತೀರ್ಪು ಕೊಟ್ಟರೆ, ನಮಗೆ ನೆವವೇನು?