ಅಹಲ್ಯೆಯ ಪಾದ

ಹಾಸ್ಟೆಲಿನ ಗೆಳತಿಯೊಬ್ಬಳು ಒಂದು ರಾತ್ರಿ, ಬಾಲ್ಯದಲ್ಲಿ ಬಂಧುವೊಬ್ಬನಿಂದ ತನಗಾದದ್ದನ್ನು ಹೇಳಿಕೊಂಡಳು. ಏನು ಹೇಳಬೇಕೆಂದು ತೋಚದೆ ನಾನು, ‘ಯಾವ ಜನ್ಮದ ಕರ್ಮವೋ, ದೇವರು ನೋಡಿಕೊಳ್ಳುತ್ತಾನೆ ಬಿಡು’ ಎಂದುಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಅವಳು ಕೇಳಿದಳು: ‘ಮಾಡಿದವನು ಅವನು. ಲೆಕ್ಕ ನನ್ನ ಖಾತೆಗೆ ಯಾಕೆ ಕಣೇ?’

ನನಗೆ ಉತ್ತರ ಹೊಳೆಯಲಿಲ್ಲ. ಆ ಮಾತನ್ನು ಅವಳಿಗಾಗಿ ಆಡಿದೆನೋ ನನಗಾಗಿಯೋ ಎಂಬ ಅನುಮಾನ ಮಾತ್ರ ಉಳಿಯಿತು. ಲೋಕದಲ್ಲಿ ಕಾರಣವಿಲ್ಲದೆ ಏನೂ ಆಗದು ಎಂದು ನಂಬಿದರೆ ಕೇಳುವವರಿಗೆ ಭಯ ಕಡಿಮೆ. ಆ ನೆಮ್ಮದಿಗೆ ಬೆಲೆ ತೆರುವವಳು ನೊಂದವಳು.

ಹಾಗೆಂದು ಅಧ್ಯಾತ್ಮವನ್ನೇ ತಳ್ಳಿಹಾಕಲೂ ನನಗೆ ಮನಸ್ಸಾಗದು. ಅದೇ ಗೆಳತಿ ದಿನಾ ಸಂಜೆ ದೀಪ ಹಚ್ಚುತ್ತಾಳೆ. ‘ದೇವರ ಹತ್ತಿರ ಜಗಳವಾಡುತ್ತೇನೆ. ಮನೆಯಲ್ಲಿ ಯಾರ ಹತ್ತಿರವೂ ಆಡೋಕಾಗಲ್ಲವಲ್ಲ’ ಎನ್ನುತ್ತಾಳೆ. ಕರ್ಮವೆಂದುಕೊಂಡೇ ಸಮಾಧಾನ ಕಂಡವರೂ ಇರಬಹುದು. ಆದರೆ ಅದು ಅವರೇ ತಲುಪಿದ ಅರ್ಥ. ಅದನ್ನು ಹೊರಗಿನಿಂದ ಹೇರುವ ಅಧಿಕಾರ ನನಗೆಲ್ಲಿಯದು?

ಈಚೆಗೆ ಅಹಲ್ಯೆಯ ಕಥೆಯನ್ನು ಮತ್ತೆ ಓದಿದೆ. ಗೌತಮನ ವೇಷದಲ್ಲಿ ಬಂದವನು ಇಂದ್ರನೆಂದು ಅವಳಿಗೆ ತಿಳಿದಿತ್ತು ಎನ್ನುತ್ತದೆ ವಾಲ್ಮೀಕಿ ರಾಮಾಯಣ. ಅವಳು ಮೋಸಹೋದಳು ಎನ್ನುತ್ತವೆ ನಂತರದ ಹಲವು ಕಥನಗಳು. ಅವಳು ತಿಳಿದಿದ್ದಳೇ ಎಂದು ನಾವು ಇಂದಿಗೂ ವಿಚಾರಣೆ ನಡೆಸುತ್ತಿದ್ದೇವೆ. ವಾಲ್ಮೀಕಿಯಲ್ಲಿ ಅವಳು ಕಲ್ಲಾಗುವುದೂ ಇಲ್ಲ. ಗಾಳಿಯನ್ನೇ ಉಂಡು, ಬೂದಿಯಲ್ಲಿ ಮಲಗಿ, ಯಾರ ಕಣ್ಣಿಗೂ ಬೀಳದೆ ಬದುಕಬೇಕೆಂಬುದು ಶಾಪ. ಬಚ್ಚಿಟ್ಟು ಬದುಕುವವರಿಗೆ ಈ ಶಿಕ್ಷೆಯ ಪರಿಚಯವಿದೆ. ರಾಮನ ಪಾದಧೂಳಿಯಿಂದ ಕಲ್ಲು ಹೆಣ್ಣಾದ ಕಥೆ ಕೇಳಿ ಬೆಳೆದ ನನಗೆ ಅಚ್ಚರಿಯಾದದ್ದು ಮುಂದಿನ ಭಾಗ: ಅಲ್ಲಿ ರಾಮಲಕ್ಷ್ಮಣರೇ ಬಾಗಿ ಅವಳ ಕಾಲು ಮುಟ್ಟುತ್ತಾರೆ.

ಆಘಾತಕ್ಕೊಳಗಾದವರ ಚೇತರಿಕೆ ಒಂಟಿತನದಲ್ಲಿ ಸಾಧ್ಯವಿಲ್ಲ, ಅದಕ್ಕೆ ಸಂಬಂಧಗಳು ಬೇಕು ಎಂದು ಮನೋವೈದ್ಯೆ ಜೂಡಿತ್ ಹರ್ಮನ್ 1992ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ವಾದಿಸುತ್ತಾರೆ. ಅದನ್ನು ಓದುವಾಗ ನನಗೆ ನೆನಪಾದದ್ದು ಆ ಆಶ್ರಮವೇ. ಅಹಲ್ಯೆಗೆ ಬೇಕಿದ್ದದ್ದು ಅವಳನ್ನು ಕಂಡು ಗೌರವಿಸುವ ಕಣ್ಣು.

ಎಷ್ಟೋ ದಿನಗಳ ಮೇಲೆ ಗೆಳತಿಯ ಬಳಿ ಕ್ಷಮೆ ಕೇಳಿದೆ. ‘ಆವತ್ತು ಎದ್ದು ಹೋಗಲಿಲ್ಲವಲ್ಲ, ಬಿಡೇ’ ಎಂದಳು. ಈಗ ಕೆಲವು ಸಂಜೆ ಅವಳು ದೀಪ ಹಚ್ಚುವಾಗ ಪಕ್ಕದಲ್ಲಿ ಕೂತಿರುತ್ತೇನೆ. ಜಗಳ ಅವಳದು. ನಾನು ಅರ್ಥ ಹೇಳಲು ಹೋಗುವುದಿಲ್ಲ.